ಬೀಗತಿಯ ತಂಬಿಗಿ, ನನ್ನ ಬ್ರೇಕು

ನನ್ನ ಪಿಕಪ್ಪು ಕಣ್ಣಿಗಿ ಕಾಣೂಕಿಂತ ಮೊದಲ ಕಿವಿಗಿ ಕೇಳತಿತ್ತು. ಕುಲಗೋಡದಾಗ ನಮ್ಮ ಓಣ್ಯಾಗ ಯಾರನ್ನ ಬೇಕಾದ್ರೂ ಕೇಳ್ರಿ. ಮೊದಲ ಮುಂದಿನ ಪಾಟಾ ಖಡಲ್ ಖಡಲ್ ಅನ್ನೂದು, ಆಮ್ಯಾಲ ತಿರುವಿನ್ಯಾಗ ಬ್ರೇಕು ಕಿಂಯ್ ಅಂತ ಒದರೂದು, ಕಡೀಕ ಗಾಡಿ ಬರೂದು. ಪಾಟಾ ಅಂದ್ರ ಗಾಡಿ ಕೆಳಗ ಒಂದರ ಮ್ಯಾಲ ಒಂದು ಪೇರಿಸಿ ಬಿಗದಿರತಾರಲ್ಲ, ಬಿಲ್ಲಿನಂಗ ಬಗ್ಗಿದ ಕಬ್ಬಿಣದ ಪಟ್ಟಿ, ಅವು. ಭಾರ ಹೊರೂವೂ ಅವ, ಧಕ್ಕಿ ತಿನ್ನೂವೂ ಅವ. ನನ್ನ ಗಾಡೀವು ಕಬ್ಬು ಹೊತ್ತು ಹೊತ್ತು ಕಲ್ಲಾಗಿದ್ವು. ಖಾಲಿ ಗಾಡಿ ಹೊಡದ್ರ ಹಲ್ಲಿಗಿ ಹಲ್ಲು ಬಡೀತಿದ್ವು.

ಮಗಳು ಹುಟ್ಟಿದ ವರ್ಷ ಆ ಗಾಡಿ ತಗೊಂಡಿದ್ನಿ. ಆಗಲೇ ಅದು ಯಾರೋ ಹೊಡದು ಬಿಟ್ಟದ್ದು. ಗೋಕಾಕ ದವಾಖಾನಿಯಿಂದ ಕೂಸಿನ್ನ ಮನಿಗಿ ತಂದದ್ದು ಅದರಾಗ. ಉಳ್ಳಾಗಡ್ಡಿ, ಕಬ್ಬು, ಎಮ್ಮಿ ಕರ, ಮದುವಿ ಬ್ಯಾಂಡಿನವರು, ಎಲ್ಲಾರನ್ನೂ ಅದು ಹೊತ್ತೈತಿ. ಬಸ್ ತಪ್ಪಿದ ದಿನಾ ಮಗಳನ್ನ ಮೂಡಲಗಿ ಕಾಲೇಜಿಗಿ ಮುಟ್ಟಿಸಿದ್ದೂ ಅದ. ಅಕಿ ಗೆಳತ್ಯಾರ ಮುಂದ ಇಳಿಯಾಕ ಒಂದಿನಾನೂ ನಾಚಲಿಲ್ಲ. ಧಡ್ ಅಂತ ಬಾಗಿಲಾ ಹಾಕಿ, "ಅಪ್ಪಾ, ಸಂಜಿಗಿ ಬಂದ್ರ ಹಾರ್ನ್ ಹೊಡೀಬ್ಯಾಡ, ಗಾಡಿ ಸಪ್ಪಳಾನ ಸಾಕು" ಅಂತಿದ್ಲು.

ಅಕಿಗಿ ಕಾರು ಆಗಿ ಬರಂಗಿಲ್ಲ. ಕಿಡಕಿ ಕಾಜು ಏರಿಸಿ, ಎಸಿ ಹಚ್ಚಿ, ಮುಂದ ಒಂದು ವಾಸನಿ ಡಬ್ಬಿ ಇಟ್ಟಿರತಾರಲ್ಲ, ಅದು ಮೂಗಿಗಿ ಬಡದ್ರ ಮುಗೀತು, ವಾಂತಿ. ಮದುವಿ ದಿನಾ ಹೂವಿನ ಕಾರಿನ್ಯಾಗ ಕುಂದ್ರಿಸಿ ಗಂಡನ ಮನಿಗಿ ಕಳಿಸಿದ್ವಿ. ಹುಕ್ಕೇರಿ ದಾಟೂದರೊಳಗ ಕಾರು ನಿಂತಿತು. ಮದಿಮಗಳು ಹಣಿಗಿ ಹೂವಿನ ದಂಡಿ ಕಟಗೊಂಡು ರಸ್ತೇದ ಬಾಜೂ ಬಗ್ಗಿ ನಿಂತಾಳ, ಅಳಿಯ ನೀರಿನ ಬಾಟಲಿ ಹಿಡಕೊಂಡು ಒದ್ದಾಡಾಕತ್ತಾನ. ನಾ ಹಿಂದ ಪಿಕಪ್ಪಿನ್ಯಾಗ ಸಾಮಾನು ಹೇರಕೊಂಡು ಹೊಂಟಿದ್ನಿ. ಅಕಿ ಸೀದಾ ಬಂದು ನನ್ನ ಬಾಜೂ ಸೀಟಿನ್ಯಾಗ ಕುಂತ್ಲು, ದಂಡಿ ಬಾಸಿಂಗಾ ಸಮೇತ. ಹಂಗ ಕಣಗಲಾ ಮುಟ್ಟಿದ್ಲು. ಹೂವಿನ ಕಾರು ಖಾಲಿ ಬಂದದ್ದು ನೋಡಿ ಅಲ್ಲಿ ಮಂದಿ ಬೆಪ್ಪಾಗಿ ನಿಂತ್ರು.

ಆವತ್ತ ನನ್ನ ಬೀಗತಿ, ಅಂದ್ರ ಮಗಳ ಅತ್ತಿ, ಆರತಿ ತಾಟು ಹಿಡಕೊಂಡ ಅಂದ್ರು, "ಏನ್ರಿ ಬೀಗರ, ಲಕ್ಷ್ಮಿಯಂಥ ಸೊಸಿನ್ನ ಖಟಾರಾದಾಗ ತಂದ್ರೆಲ್ಲಾ?" ಖಟಾರಾ ಅಂದದ್ದು ನನ್ನ ಗಾಡಿಗಿ. ಮದುವಿ ಮನಿ ಅಂತ ಹಲ್ಲು ಕಡದು ಸುಮ್ಮನಾದ್ನಿ. ಅವತ್ತಿನಿಂದ ನಮ್ಮಿಬ್ಬರ ನಡುವ ಇದ ನಡದೈತಿ. ಬೀಗರು ಮಾತಾಡೂದು ಬಾಳ ಕಡಿಮಿ, ಅವರ ಪಾಲಿಂದೂ ಬೀಗತಿನ ಮಾತಾಡತಾರ. ನಾ ಕಣಗಲಾಕ್ಕ ಹೋದಾಗೊಮ್ಮೆ "ಬಂತ್ರಿ ಖಟಾರಾ" ಅಂತಾರ, ನಾ "ಚಾ ಇಡ್ರಿ ಅಕ್ಕಾರ, ಖಟಾರಾ ದಣದೈತಿ" ಅಂತೇನಿ. ಆದ್ರ ಒಂದು ಖರೆ. ನನ್ನ ಗಾಡಿ ಅವರ ಓಣಿ ತಿರುವಿಗಿ ಬಂದು ಕಿಂಯ್ ಅನ್ನೂದ ತಡ, ಮಗಳು ಕೈಯಾಗ ನೀರಿನ ತಂಬಿಗಿ ಹಿಡಕೊಂಡು ಬಾಗಿಲದಾಗ ನಿಂತಿರತಿದ್ಲು. ನಾ ಇಳಿಯೂಕಿಂತ ಮೊದಲ ಕಾಲಿಗಿ ನೀರು ರೆಡಿ. ಆ ಒಂದು ಸುಖಾಕ್ಕ ನಾ ಎಷ್ಟೋ ಸಲ ಕೆಲಸ ಇಲ್ಲದ ಕಣಗಲಾಕ್ಕ ಹೋಗೇನಿ.

ಹಿಂಗ ಇರಬೇಕಾದ್ರ ಮಗಳು ಬಸುರಾದ್ಲು. ನಮ್ಮ ಕಡೆ ಏಳನೇ ತಿಂಗಳಾಗ ಗಂಡನ ಮನ್ಯಾಗ ಕುಬಸ ಮಾಡಿ, ಮಡಲ ತುಂಬಿಸಿ, ಚೊಚ್ಚಲ ಹೆರಿಗಿಗಿ ತವರಮನಿಗಿ ಕರಕೊಂಡ ಬರತಾರ. ನನ್ನ ಹೆಂಡತಿ ಸುದ್ದಿ ಕೇಳಿದ ದಿನದಿಂದ ನಡುಮನಿ ಸುಣ್ಣ ಮಾಡಿಸಿ, ಹಳೇ ಸೀರಿ ಹರದು ಕೂಸಿಗಿ ದುಪಟಿ ಹೊಲಿಯಾಕ ಕುಂತ್ಲು. ಅಕಿ ಮಮದಾಪುರದಾಕಿ. ಅಕಿ ಹೆರಿಗೀನೂ ತವರಮನ್ಯಾಗ ಇಟಗೊಂಡಿದ್ರು, ಕಡೀಕ ಗೋಕಾಕಕ್ಕ ಒಯ್ದದ್ದು ಬ್ಯಾರೆ ಮಾತು. ಅವ್ವನ ಕೈ ಊಟ ಇಲ್ಲದ ಬಾಣಂತಾನ ಬಾಣಂತಾನಾನ ಅಲ್ಲ ಅನ್ನೂದು ಅಕಿ ಮಾತು.

ಹುಕ್ಕೇರಿ ಡಾಕ್ಟರಮ್ಮ ಮಗಳನ್ನ ತಪಾಸ ಮಾಡಿ ಒಂದು ಮಾತು ಹೇಳಿದ್ರು. ಧಕ್ಕಿ ಆಗಬಾರದು, ವಾಂತಿ ಮಾಡಕೊಂಡು ಹೊಟ್ಟಿ ಹಿಂಡಕೊಳ್ಳೂದೂ ಆಗಬಾರದು. ಊರಿಗಿ ಹೋಗೂದಿದ್ರ ಹೂವಿನಂಗ ಕರಕೊಂಡ ಹೋಗ್ರಿ, ಇಲ್ಲಾಂದ್ರ ಇದ್ದಲ್ಲೇ ಇರ್ರಿ. ನೋಡ್ರಿ ಈಗ. ಕಾರಿನ್ಯಾಗ ಕುಂತ್ರ ವಾಂತಿ. ಪಿಕಪ್ಪಿನ್ಯಾಗ ಕುಂತ್ರ ಧಕ್ಕಿ. ಬೀಗತಿ ಫೋನ್ ಹಚ್ಚಿ ಸೀದಾ ಹೇಳಿದ್ರು, "ಬೀಗರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಖಟಾರಾದಾಗ ಅಕಿನ್ನ ಕಳಸೂದಿಲ್ಲ. ಹೆರಿಗಿ ಇಲ್ಲೇ ಆಗಲಿ."

ಸಿಟ್ಟಾಗಬ್ಯಾಡ್ರಿ ಅಂದ್ರ ಸಿಟ್ಟು ಬರೂದಿಲ್ಲೇನು? ಫೋನ್ ಇಟ್ಟು ಅಂಗಳದಾಗ ಆ ಕಡಿಂದ ಈ ಕಡೆ ಅಡ್ಡಾಡಿದ್ನಿ. ಹೆಂಡತಿ ದುಪಟಿ ಹೊಲಿಯೂದು ಬಿಟ್ಟು ಸೂಜಿ ಹಂಗ ಹಿಡಕೊಂಡು ಕುಂತಿದ್ಲು. ಅಕಿ ಒಂದ ಮಾತು ಕೇಳಿದ್ಲು, "ಗಾಡಿ ಮೆತ್ತಗ ಮಾಡಾಕ ಬರಂಗಿಲ್ಲೇನ್ರಿ?" ನಾ "ಗಾಡಿ ಏನ ಹೋಳಗಿ ಹಿಟ್ಟೇನು ನಾದಿ ಮೆತ್ತಗ ಮಾಡಾಕ" ಅಂತ ಒದರಿದ್ನಿ. ಒದರಿ ಆದ ಮ್ಯಾಲ ಮರುದಿನ ಮುಂಜಾನೆದ್ದು ಗಾಡಿ ತಗೊಂಡು ಗೋಕಾಕಕ್ಕ ಹೋದ್ನಿ.

ಗೋಕಾಕದ ಮಿಸ್ತ್ರಿ ನನ್ನ ಹಳೇ ದೋಸ್ತ. ಅವನ ಅಜ್ಜ ಚಕ್ಕಡಿ ಗಾಲಿಗಿ ಕಬ್ಬಿಣದ ಹಳಿ ಹಾಕತಿದ್ದ, ಅಪ್ಪ ಟ್ರ್ಯಾಕ್ಟರ್ ಪಾಟಾ ಬಡೀತಿದ್ದ. ಇಂವ ಅವೆರಡೂ ಮಾಡಿ ಮ್ಯಾಲ ಬಡಾಯೀನೂ ಕೊಚ್ಚತಾನ. ಬೆಳಗಾವಿ ಜಿಲ್ಲಾದಾಗ ತನ್ನಂಗ ಪಾಟಾ ಕುಂದ್ರಸಾಂವ ಇಲ್ಲಂತ. ಹೇಳಿದ್ದೆಲ್ಲಾ ಕೇಳಿ ಗಾಡಿ ಕೆಳಗ ಚಾಪಿ ಹಾಕಿ ಮಲಕೊಂಡು, ಒಳಗಿಂದ ಕೂಗಿ ಹೇಳಿದ, "ಸಾವಕಾರ, ಇದು ಗಾಡಿ ಅಲ್ಲೋ, ಬೀಸೂ ಕಲ್ಲು. ಬ್ರೇಕೂ ಇಲ್ಲ, ಪಾಟಾನೂ ಇಲ್ಲ. ಇಷ್ಟ ದಿನಾ ನೀ ಬದಕಿದ್ದು ಯಾರ ಪುಣ್ಯಾನೋ."

"ನನ್ನ ಕಾಲಿನ ಪುಣ್ಯಾ" ಅಂದ್ನಿ. ಅದೂ ಖರೆನ. ಹಳೇ ಬ್ರೇಕಿಗಿ ಕಾಲಿಟ್ಟ ಕೂಡ್ಲೇ ನಿಲ್ಲೂದು ಗೊತ್ತಿರಲಿಲ್ಲ. ಒಮ್ಮೆ ತುಳದ್ರ ಪೆಡಲು ಒಳಗ ಹೋಗತಿತ್ತು, ಗಾಡಿ ತನ್ನ ಪಾಡಿಗಿ ಹೋಗತಿತ್ತು. ಧಪ್ ಧಪ್ ಅಂತ ಎರಡೆರಡು ಸಲ ಪಂಪ್ ಹೊಡದು, ಮೂರನೇದಕ್ಕ ಸೀಟಿನಿಂದ ಎದ್ದು ನಿಂತು ತುಳದ್ರ ಎಡಕ್ಕ ಎಳಕೋತ ನಿಲ್ಲತಿತ್ತು. ಅದರ ಸ್ವಭಾವ ಅದು. ಎಮ್ಮಿ ಸ್ವಭಾವ ಮಾಲಕಗ ಗೊತ್ತಿರತೈತಲ್ಲ, ಹಂಗ ನನಗ ಗೊತ್ತಿತ್ತು. ಬ್ಯಾರೆ ಯಾರ ಕೈಯಾಗೂ ನಾ ಗಾಡಿ ಕೊಡತಿರಲಿಲ್ಲ.

ಮಿಸ್ತ್ರಿ ಎದ್ದು ಕೈ ಒರಸಕೊಂಡು ತಿಳಿಸಿ ಹೇಳಿದ. ಹಳೇ ಬ್ರೇಕು ಡ್ರಮ್ಮಿಂದು, ಬೋಗಾಣಿಯಂಥ ಡ್ರಮ್ಮಿನ ಒಳಗ ಲೈನರು ಅಗಲಾಗಿ ಒತ್ತತಾವ. ಅದನ್ನ ತಗದು ಮುಂದಿನ ಎರಡೂ ಗಾಲಿಗಿ ಡಿಸ್ಕ್ ಹಾಕಬೇಕು. ತಾಟಿನಂಥ ಡಿಸ್ಕ್, ಅದನ್ನ ಎರಡೂ ಬಾಜೂದಿಂದ ಹಿಡದು ನಿಲ್ಲಸೂದು. ಕಾಲಿನ ಜೋರ ಹೆಚ್ಚಸಾಕ ಬೂಸ್ಟರ್ ಕುಂದ್ರಸಬೇಕು. ಮುಂದಿನ ಪಾಟಾದಾಗ ದಪ್ಪನ್ನವು ಕೆಲವು ತಗದು, ಉಳದವನ್ನ ಕುಲುಮಿಗಿ ಹಾಕಿ ಹೊಸದಾಗಿ ಬಗ್ಗಿಸಿ, ರಬ್ಬರ್ ಬುಶ್ ಬದಲು ಮಾಡಿ, ಧಕ್ಕಿ ನುಂಗಾಕ ಹೊಸಾ ಶಾಕಪ್ ಹಾಕಬೇಕು.

"ಪಾಟಾ ತಗದ್ರ ಕಬ್ಬು ಹೆಂಗ ಹೇರಲಿ?" ಅಂತ ಕೇಳಿದ್ನಿ.

"ಕಬ್ಬು ಹೇರತೀಯೋ, ಮಗಳನ್ನ ತರತೀಯೋ, ಒಂದು ಹೇಳು."

ಕೀಲಿ ತಗದು ಅವನ ಕೈಯಾಗ ಕೊಟ್ನಿ.

ಆಮ್ಯಾಲ ನಾ ದಿನಾ ಕುಲಗೋಡದಿಂದ ಬಸ್ ಹತ್ತಿ ಗೋಕಾಕಕ್ಕ ಹೋಗಿ ಅವನ ಗ್ಯಾರೇಜಿನ್ಯಾಗ ಕುಂದ್ರತಿದ್ನಿ. "ದವಾಖಾನಿಗಿ ಪೇಷಂಟ್ ನೋಡಾಕ ಬಂದಂಗ ಬರತಾನ" ಅಂತ ಮಿಸ್ತ್ರಿ ಬಂದವರಿಗೆಲ್ಲಾ ಹೇಳಾಂವ. ಅಂವ ಎಲ್ಲಿಂದೋ ಅದ ಕಂಪನಿಯ ಹೊಸಾ ನಮೂನಿ ಗಾಡೀದು ಡಿಸ್ಕ್ ತಂದಿದ್ದ, ಹಿಂದಿನ ಅರ್ಧ ಜಜ್ಜಿ ಮುಂದಿನ ಅರ್ಧ ಗಟ್ಟಿ ಉಳದ ಗಾಡೀದು. ನಮ್ಮ ಗಾಡಿ ಅಚ್ಚಿಗಿ ಅದು ಕುಂದ್ರವಲ್ದು. ಲೇಥಿಗಿ ಹಾಕಿ ಕೆತ್ತಿಸಿದ, ಮತ್ತ ಕುಂದ್ರಲಿಲ್ಲ, ಮತ್ತ ಕೆತ್ತಿಸಿದ. ನಮ್ಮಿಬ್ಬರಿಗೂ ಜಗಳಾದ್ವು. ನಾ "ನಿನಗ ಬರಂಗಿಲ್ಲ ಬಿಡು" ಅಂದ್ರ ಅಂವ ಪಾನಾ ಒಗದು ಚಾ ಕುಡಿಯಾಕ ಹೋಗಾಂವ. ನಾನೂ ಹಿಂದ ಹೋಗತಿದ್ನಿ. ಅವನ ಚಾಕ್ಕ ನಾ ಇಲ್ಲದಿದ್ರ ರುಚಿ ಹತ್ತೂದಿಲ್ಲ ಅನ್ನೂದು ನನಗ ಗೊತ್ತೈತಿ.

ಕುಲುಮ್ಯಾಗ ಪಾಟಾ ಕೆಂಪಾಗಿ ಕಾದು ಬಂದು, ಅಡಿಗಲ್ಲ ಮ್ಯಾಲ ಹೊಡತ ತಿಂದು, ಹೊಸಾ ಕಮಾನು ಬಂದಾಗ ನನಗ ಒಂಥರಾ ಆತು. ಎಷ್ಟು ಸುಗ್ಗಿ ಹೊತ್ತಾವು ಅವು. ತಗದ ದಪ್ಪನ್ನ ಪಾಟಾ ಗ್ಯಾರೇಜಿನ ಮೂಲ್ಯಾಗ ಬಿದ್ದಿದ್ವು. "ಅವನ್ನ ಮನಿಗಿ ಒಯ್ಯತೇನಿ" ಅಂದ್ರ ಮಿಸ್ತ್ರಿ "ಒಯ್ದು ಪೂಜಿ ಮಾಡತೀಯೇನು?" ಅಂದ. ಒಯ್ದ್ನಿ. ಈಗ ನಮ್ಮ ಹಿತ್ತಲದಾಗ ಬಚ್ಚಲ ಮುಂದ ಮೆಟ್ಟಿಲಾಗ್ಯಾವ.

ಕಡೀಕ ಬ್ರೇಕ್ ಪೈಪಿನ್ಯಾಗಿನ ಗಾಳಿ ತಗಿಯೂ ಕೆಲಸ. ಅದಕ್ಕ ಒಬ್ಬಾಂವ ಸೀಟಿನ್ಯಾಗ ಕುಂತು ಪೆಡಲ್ ಪಂಪ್ ಹೊಡೀಬೇಕು, ಒಬ್ಬಾಂವ ಕೆಳಗ ಮಲಕೊಂಡು ಗಾಳಿ ಹೊರಗ ಬಿಡೂ ನಿಪ್ಪಲ್ ಬಿಚ್ಚಿ ಮುಚ್ಚಬೇಕು. ನಾ ಕುಂತ್ನಿ, ಧಪ್ ಧಪ್ ಧಪ್. "ಶಾಬಾಸ್" ಅಂತ ಕೆಳಗಿಂದ ದನಿ ಬಂತು, "ಈ ಕೆಲಸಕ್ಕ ನಿನ್ನ ಕಾಲಿನಂಥ ಕಾಲು ಇಲ್ಲ." ಅದು ಹೊಗಳಿಕಿ ಅಂತ ತಿಳದಿದ್ನಿ.

ಕುಬಸದ ದಿನಾ ನಾನು, ಹೆಂಡತಿ ಹೊಂಟ್ವಿ. ಹಿಂದ ಬುಟ್ಟಿ ತುಂಬ ಉಂಡಿ, ಕರ್ಚಿಕಾಯಿ, ಹೋಳಗಿ, ಸಜ್ಜಿ ರೊಟ್ಟಿ. ಗಾಡಿ ತೇಲಿಕೊಂತ ಹೊಂಟಿತು. ಹಂಪ್ ಬಂದ್ರ ಒಮ್ಮೆ ಏರಿ ಒಮ್ಮೆ ಇಳದು ಸುಮ್ಮನಾಗತಿತ್ತು. ಹೆಂಡತಿ ಸೆರಗು ಸರಿ ಮಾಡಕೊಂಡು "ಇಷ್ಟ ದಿನಾ ನನಗ ಯಾಕ ಮಾಡಸಲಿಲ್ಲ?" ಅಂತ ಕೇಳಿದ್ಲು. ನಾ ಗಿಯರ ಬದಲು ಮಾಡಿದ್ನಿ.

ಕಣಗಲಾದ ತಿರುವು ಬಂತು. ಕಿಂಯ್ ಅನ್ನಲಿಲ್ಲ. ಖಡಲ್ ಅನ್ನಲಿಲ್ಲ. ಬೀಗರ ಬಾಗಿಲ ಮುಂದ ಗಾಡಿ ಸುಮ್ಮನ ಬಂದು ನಿಂತಿತು. ಬಾಗಿಲದಾಗ ಯಾರೂ ಇಲ್ಲ. ನಾ ಇಳಿಯಲಿಲ್ಲ, ಕುಂತ ಇದ್ನಿ. ಒಳಗ ಬಳಿ ಸಪ್ಪಳ ಕೇಳತೈತಿ, ನಗು ಕೇಳತೈತಿ, ನನ್ನ ಮಗಳಿಗಿ ಮಾತ್ರ ನಾ ಬಂದದ್ದು ಗೊತ್ತಿಲ್ಲ. ಖರೆ ಹೇಳತೇನಿ, ಆ ಮಿಸ್ತ್ರಿ ಕೈ ಕತ್ತರಸಬೇಕು ಅನಸ್ತು. ಕಡೀಕ ಹಾರ್ನ್ ಹೊಡದ್ನಿ, ಅಕಿ ಮನಿ ಮುಂದ ನಾ ಹಾರ್ನ್ ಹೊಡದದ್ದು ಅದ ಮೊದಲ ಸಲ. ಮಗಳು ಹೊಟ್ಟಿ ಹಿಡಕೊಂಡು ನಿಧಾನ ಹೊರಗ ಬಂದು, ಗಾಡಿ ನೋಡಿ, ನನ್ನ ನೋಡಿ, "ಯಪ್ಪಾ, ಗಾಡಿಗಿ ಏನಾಗೇತಿ, ದನೀನ ಇಲ್ಲ?" ಅಂದ್ಲು.

ಕುಬಸ ಚಂದ ಆತು. ಹಸರು ಸೀರಿ ಉಟ್ಟು, ಕೈ ತುಂಬ ಬಳಿ ಹಾಕ್ಕೊಂಡು ಮಗಳು ಕುಂತದ್ದು ನೋಡಿ ನನ್ನ ಹೆಂಡತಿ ಕಣ್ಣು ಒರಸಕೊಂಡ್ಲು. ಊಟ ಆದ ಮ್ಯಾಲ ನಾ ಎದಿ ಉಬ್ಬಿಸಿ ಬೀಗತಿಗಿ ಅಂದ್ನಿ, "ಈಗ ಕಳಸ್ರಿ ಅಕ್ಕಾರ. ಖಟಾರಾ ಹೂವಾಗೇತಿ."

ಬೀಗತಿ ಒಳಗ ಹೋಗಿ ಹಿತ್ತಾಳಿ ತಂಬಿಗಿ ತಂದ್ರು. ಕಂಠಮಟ ನೀರು ತುಂಬಿದ್ರು. ಅವರ ಕಡೆ ಬಸುರಿ ಹೆಣ್ಣಮಗಳನ್ನ ಚಕ್ಕಡ್ಯಾಗ ಕಳಸೂಮುಂದ ಹಿರೇರು ಮೊದಲ ಹಿಂಗ ತಂಬಿಗಿ ಹಿಡಕೊಂಡು ಕುಂತು ಎತ್ತಿನ ನಡಿಗಿ ನೋಡತಿದ್ರಂತ. "ನಾ ಇದನ್ನ ತೊಡಿ ಮ್ಯಾಲ ಇಟಗೊಂಡು ಕುಂದ್ರತೇನಿ. ಊರು ಒಂದು ಸುತ್ತು ಹಾಕ್ರಿ. ನೀರು ಚೆಲ್ಲಲಿಲ್ಲಂದ್ರ ಈಗಿಂದೀಗ ಸೊಸಿನ್ನ ಕಳಸತೇನಿ" ಅಂದ್ರು. ಓಣಿ ಮಂದಿ ಎಲ್ಲಾ ಕಟ್ಟಿ ಮ್ಯಾಲ ಬಂದು ನಿಂತ್ರು.

ಹೊಂಟ್ವಿ. ಪಾಟಾ ತಮ್ಮ ಕೆಲಸ ತಾವು ಚಂದ ಮಾಡಿದ್ವು, ಖೋಡಿ ರಸ್ತೇದಾಗೂ ತಂಬಿಗಿ ಅಲಗಲಿಲ್ಲ. ಬೀಗತಿ ಮಾರಿ ಮ್ಯಾಲ ಸ್ವಲ್ಪ ನಗಿನೂ ಬಂತು. ತಿರುವಿನ್ಯಾಗ ಒಂದು ನಾಯಿ ಅಡ್ಡ ಬಂತು. ದೂರ ಇತ್ತು ನಾಯಿ, ಅವಸರ ಏನೂ ಇರಲಿಲ್ಲ. ಆದ್ರ ನನ್ನ ಕಾಲು ನನ್ನ ಕೇಳಿತೇನು? ಜಲ್ಮದ ರೂಢಿ. ಧಪ್ ಧಪ್ ಅಂತ ಎರಡು ಹೊಡತ ಹೊಡದು ಮೂರನೇದಕ್ಕ ಎದ್ದು ನಿಂತು ತುಳದ್ನಿ. ಹೊಸಾ ಡಿಸ್ಕ್, ಮ್ಯಾಲ ಬೂಸ್ಟರ್. ಗಾಡಿ ಮೂಗು ನೆಲಕ್ಕ ಮುಟ್ಟಿ ಅಲ್ಲೇ ನಿಂತಿತು. ತಂಬಿಗಿ ನೀರೆಲ್ಲಾ ಬೀಗತಿಯ ಇಳಕಲ್ ಸೀರಿ ಮ್ಯಾಲ. ನಾಯಿ ಸಹಿತ ನಿಂತು ನೋಡಿತು.

ಬೀಗತಿ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಸೆರಗು ಹಿಂಡಿಕೊಂತ ಸಮಾಧಾನದಾಗ ಅಂದ್ರು, "ಗಾಡಿ ಹೊಸಾದಾಗೇತಿ ಬೀಗರ. ಕಾಲು ಹಳೇದ ಉಳದೈತಿ."

ಮಗಳು ಬರಲಿಲ್ಲ. ಮುಂದಿನ ವಾರ ಇನ್ನೊಮ್ಮೆ ಬರ್ರಿ, ಅದರ ಮ್ಯಾಲ ಎಂಟನೇ ತಿಂಗಳು ಹತ್ತತೈತಿ, ಆಗ ನಾ ಕಳಸೂದಿಲ್ಲ ಅಂದ್ರು ಬೀಗತಿ. ಅವರದೂ ತಪ್ಪಿಲ್ಲ. ವಾಪಸ್ ಬರುಮುಂದ ಹೆಂಡತಿ ಖಾಲಿ ಬುಟ್ಟಿ ತೊಡಿ ಮ್ಯಾಲ ಇಟಗೊಂಡು ಕುಲಗೋಡತನಾ ಹಂಗ ಕುಂತು ಬಂದ್ಲು. ಮನಿಗಿ ಬಂದು ಸುಣ್ಣ ಹಚ್ಚಿದ ನಡುಮನಿ ಬಾಗಿಲಾ ಹಾಕಿ ಚಿಲಕಾ ಏರಿಸಿದ್ಲು. ಆ ಚಿಲಕದ ಸಪ್ಪಳಾ ನನಗ ಎಂಥಾ ಬೈಗಳಕಿಂತ ಜೋರ ಹತ್ತಿತು.

ಮಿಸ್ತ್ರಿ ಸುದ್ದಿ ಕೇಳಿ ಹೊಟ್ಟಿ ಹಿಡಕೊಂಡು ನಕ್ಕ. ನಗಲಿ ಅಂತ ಬಿಟ್ನಿ. ನಕ್ಕು ಮುಗಿಸಿ ನನ್ನ ಕಾಲ ಕಡೆ ನೋಡಿದ. ನಂದು ದಪ್ಪನ್ನ ಚರ್ಮದ ಚಪ್ಪಲಿ, ತಳಕ್ಕ ಟೈರು ಹೊಡಿಸಿದ್ದು, ಹೊಲದಾಗ ಮುಳ್ಳು ತಾಗಬಾರದಂತ. "ಇದನ್ನ ಬಿಟ್ಟು ಹತ್ತು" ಅಂದ. "ಬರಿಗಾಲಾಗ ಹೊಡಿ. ಬ್ರೇಕು ಎಷ್ಟು ಒಳಗ ಹೋತು ಅನ್ನೂದು ಕಾಲಿಗಿ ತಿಳೀಬೇಕು. ಟೈರಿಗಿ ಏನ ತಿಳೀತೈತಿ?" ಮಾಲಕ ಬರಿಗಾಲಾಗ ಗಾಡಿ ಹೊಡದ್ರ ಮಂದಿ ಏನಂತಾರ ಅಂತ ನಾ ವಾದಾ ಮಾಡಿದ್ನಿ. "ಮನಿ ಒಳಗ ಹೋಗೂಮುಂದ ಬಿಡತೀಯಲ್ಲ? ಹಂಗ ತಿಳಿ" ಅಂದ.

ಆ ವಾರ ನಾ ಗಂಡಸಲ್ಲ, ಸಾಲಿ ಹುಡುಗ. ಮುಂಜಾನೆದ್ದು ಹೆಂಡತಿನ್ನ ಬಾಜೂ ಕುಂದ್ರಿಸಿಕೊಂಡು ಮೂಡಲಗಿ ರಸ್ತೆ ಹಿಡೀತಿದ್ನಿ. ಅಕಿ ತೊಡಿ ಮ್ಯಾಲ ತುಂಬಿದ ಮಜ್ಜಿಗಿ ತಂಬಿಗಿ. ನೀರಾದ್ರ ಒಣಗತೈತಿ, ನಿಮಗ ಅಂಜಿಕಿ ಇರಂಗಿಲ್ಲ, ಮಜ್ಜಿಗಿ ಇರಲಿ ಅಂತ ಅಕೀನ ತಗದ ಯುಕ್ತಿ. ಮೊದಲ ದಿನಾ ಮಜ್ಜಿಗಿ ಅಕಿ ಸೀರಿ ಮ್ಯಾಲ, ಸೀಟಿನ ಮ್ಯಾಲ, ನನ್ನ ಧೋತರದ ಮ್ಯಾಲ. "ಕಾಲು ಹಿಡೀರಿ, ಕಾಲು" ಅಂತ ಅಕಿ, "ನೀ ಬಾಯಿ ಹಿಡಿ" ಅಂತ ನಾ. ಸಂತಿಗಿ ಹೊಂಟ ಮಂದಿ ನಿಂತು ನೋಡತಿದ್ರು. ಉಣ್ಣಾಕ ಕುಂತಾಗೂ ನನ್ನ ಬಲಗಾಲು ತಾಟಿನ ಕೆಳಗ ನೆಲಾ ಮೆಲ್ಲಕ ಒತ್ತಿ ನೋಡತಿತ್ತು. ಕಾಲಿಗಿ ತಿಳಿಸಿ ಹೇಳೂದು ಮಂದಿಗಿ ತಿಳಿಸಿ ಹೇಳಿದಂಗಲ್ಲ ನೋಡ್ರಿ. ಅದು ಕೇಳೂದಿಲ್ಲ, ಅದಕ್ಕ ರೂಢಿನ ಮಾಡಿಸಬೇಕು.

ಬರಿಗಾಲಾಗ ಒಂದು ಚಂದ ಐತಿ. ಪೆಡಲಿನ ತಂಪು ಹತ್ತತೈತಿ, ಮೊದಲ ಒಂದು ಬೆರಳಿನಷ್ಟು ಸುಮ್ಮನ ಹೋಗತೈತಿ, ಆಮ್ಯಾಲ ಗಾಲಿ ಹಿಡದದ್ದು ಅಂಗಾಲಿಗಿ ತಿಳೀತೈತಿ. ಅಲ್ಲಿಂದ ಮುಂದ ಎಷ್ಟು ಬೇಕೋ ಅಷ್ಟ ಕೇಳೂದು. ವಾರ ಮುಗಿಯೂದರೊಳಗ ಒಂದಿನಾ ಮೂಡಲಗೀತನಾ ಹೋಗಿ ಬಂದ್ವಿ. ಮನಿ ಮುಂದ ನಿಂತ ಮ್ಯಾಲ ಹೆಂಡತಿ ತಂಬಿಗಿ ಎತ್ತಿ ನನ್ನ ಕೈಯಾಗ ಕೊಟ್ಲು. ತುಂಬಿ ಇತ್ತು. ನಾ ಗಟಗಟ ಕುಡದ್ನಿ. ಅಕಿ ಇಳದು ಹೋಗಿ ನಡುಮನಿ ಚಿಲಕಾ ತಗದ್ಲು.

ಮತ್ತ ಕಣಗಲಾ. ಈ ಸಲ ಚಪ್ಪಲಿ ಬೀಗರ ಬಾಗಿಲದಾಗ ಬಿಟ್ಟು ಬರಿಗಾಲಾಗ ಗಾಡಿ ಹತ್ತಿದ್ನಿ, ಊರು ಸುತ್ತು ಹಾಕಾಕ ಬರ್ರಿ ಅಕ್ಕಾರ ಅಂದ್ನಿ. ಬೀಗತಿ ನನ್ನ ಕಾಲು ನೋಡಿದ್ರು. ಬಾಳ ಹೊತ್ತು ನೋಡಿದ್ರು. ಆಮ್ಯಾಲ "ನಾ ಬರೂದಿಲ್ಲ" ಅಂದು ಒಳಗ ಹೋಗಿ ಅದ ಹಿತ್ತಾಳಿ ತಂಬಿಗಿ ತಂದ್ರು, ಮ್ಯಾಲ ಬಟ್ಟಲದಂಥಾ ಒಂದು ವಾಟಿ ಮುಚ್ಚಿದ್ರು. ಸೊಸಿನ್ನ ತಾವ ಕೈ ಹಿಡದು ಕಿಡಕಿ ಬಾಜೂ ಕುಂದ್ರಿಸಿ, ತಂಬಿಗಿ ಅಕಿ ತೊಡಿ ಮ್ಯಾಲ ಇಟ್ಟು, ನನ್ನ ಕಡೆ ತಿರುಗಿ "ಮುಟ್ಟಿದ ಮ್ಯಾಲ ಫೋನ್ ಹಚ್ಚ್ರಿ" ಅಂದ್ರು. ಅಷ್ಟ. ನನಗ ತಿಳೀತು. ಊರ ಸುತ್ತೂದರಿಂದ ಆಗೂದಿಲ್ಲ, ಕಣಗಲಾದಿಂದ ಕುಲಗೋಡತನಾ ಪರೀಕ್ಷಾ ಇಟ್ಟಾರ.

ಎಂಥಾ ದಾರಿ ಅದು. ಹೈವೇ ಬಿಟ್ಟು ಇಳದ ಮ್ಯಾಲ ನಾ ಹಾಡು ಸಹಿತ ಹಚ್ಚಲಿಲ್ಲ. ಕಣ್ಣು ರಸ್ತೇದ ಮ್ಯಾಲ, ಮನಸು ಆ ತಂಬಿಗಿ ಮ್ಯಾಲ. ನಡುವ ಹೆಂಡತಿ ಕುಂತಿದ್ಲು, ಆ ಕಡೆ ಮಗಳು, ಕಿಡಕಿ ಪೂರಾ ತಗದು ಮಾರಿ ಗಾಳಿಗಿ ಕೊಟ್ಟು. ಹುಕ್ಕೇರಿ ಹೊರಗ ಬೇವಿನ ಗಿಡದ ಕೆಳಗ ನಿಲ್ಲಿಸಿ, ಮಿಸ್ತ್ರಿ ಹೇಳಿದಂಗ ಇಳದು ಮುಂದಿನ ಗಾಲಿ ಕಾದಾವೇನಂತ ಹತ್ತರ ಕೈ ಒಯ್ದು ನೋಡಿದ್ನಿ. ಬಾಳ ಕಾದಿರಲಿಲ್ಲ. ಮತ್ತ ಹತ್ತಿದ್ನಿ.

ಗೋಕಾಕ ಇನ್ನೂ ಸ್ವಲ್ಪ ದೂರ ಇರಬೇಕಾದ್ರ ಕಬ್ಬಿನ ಹೊಲದ ಒಳಗಿಂದ ಕುರಿ ಹಿಂಡು ಒಮ್ಮೆಲೇ ರಸ್ತೇಕ ನುಗ್ಗಿತು. ಈ ಸಲ ದೂರ ಇರಲಿಲ್ಲ. ಕಾಲು ಏಳತೈತಿ ಅನ್ನೂದು ಗೊತ್ತಾತು, ಆ ಹಳೇ ಧಪ್ ಧಪ್ ಮೊಳಕಾಲಿನತನಾ ಬಂದಿತ್ತು. ಹೆಂಡತಿ ಮೆಲ್ಲಕ ನನ್ನ ಮೊಳಕಾಲ ಮ್ಯಾಲ ಕೈ ಇಟ್ಲು. ಒಂದ ಸಲ ಒತ್ತಿದ್ನಿ, ಹಿಡಕೊಂಡು ಹೋಗಿ ನಿಲ್ಲಿಸಿದ್ನಿ. ಗಾಡಿ ಮೂಗು ಸ್ವಲ್ಪ ಬಗ್ಗಿಸಿ ಸುಮ್ಮನ ನಿಂತಿತು. ಕುರಿ ಹೆಡ್‌ಲೈಟಿಗಿ ಮೈ ತಿಕ್ಕಿಕೊಂತ ಹೋದ್ವು. ತಿರುಗಿ ನೋಡಿದ್ರ ಮಗಳು ಎರಡೂ ಕೈಲೆ ತಂಬಿಗಿ ಹಿಡಕೊಂಡು ನಿದ್ದಿ ಮಾಡಾಕತ್ತಾಳ, ವಾಟಿ ಹಂಗ ಮುಚ್ಚೈತಿ, ಸೀರಿ ಒಣಗಿದ್ದು ಒಣಗಿದಂಗ ಐತಿ. ನನಗ ಅಳು ಬಂತು. ಬಂದದ್ದನ್ನ ಬರಲಿ ಅಂತ ಬಿಟ್ನಿ.

ಕುಲಗೋಡ ಮುಟ್ಟಿದ್ವಿ. ಹೆಂಡತಿ ಯಾರೂ ಇಳೀಬ್ಯಾಡ್ರಿ ಅಂದು ತಾ ಮೊದಲ ಇಳದು ಒಳಗಿಂದ ರೊಟ್ಟಿ, ನೀರು ತಂದು ಮಗಳಿಗಿ ನಿವಾಳಿಸಿ, ಅದ ನೀರು ಗಾಡಿಯ ಮುಂದಿನ ಗಾಲಿಗೂ ಹಾಕಿದ್ಲು. ನಾ ಆ ಕಡೆ ಹೋಗಿ ಬಾಗಿಲಾ ತಗದು, "ಕೊಡವ್ವಾ ಇಲ್ಲಿ" ಅಂತ ತಂಬಿಗಿ ಇಸಗೊಂಡ್ನಿ. ಓಣಿ ಮಂದಿಗಿ ತೋರಸಬೇಕಾಗಿತ್ತು ನನಗ. ತಂಬಿಗಿ ಹಗುರ ಇತ್ತು. ವಾಟಿ ತಗದ್ನಿ. ಖಾಲಿ.

"ಅದನ್ನ ಹುಕ್ಕೇರ್ಯಾಗ ಕುಡದ್ನೆಲ್ಲಾ, ನೀ ಗಾಲಿ ನೋಡಾಕ ಇಳದಾಗ" ಅಂದ್ಲು ಮಗಳು. "ಅವ್ವಗೂ ಅರ್ಧ ಕೊಟ್ನಿ."

"ಪರೀಕ್ಷಾ ನೀರು ಯಾಕ ಕುಡದ್ಯವ್ವಾ?"

"ಯಾವ ಪರೀಕ್ಷಾ? ಅದು ನೀರಲ್ಲಪ್ಪಾ, ಪಾನಕ. ದಾರ್ಯಾಗ ನೀರಡಿಕಿ ಆಗತೈತಿ, ವಾಂತಿ ಬಂದಂಗಾದ್ರ ಗುಟುಕು ಗುಟುಕು ಕುಡಿ ಅಂತ ಅತ್ತಿ ಬೆಲ್ಲ, ಯಾಲಕ್ಕಿ, ಲಿಂಬಿಹಣ್ಣು ಹಾಕಿ ಕೊಟ್ಟಿದ್ರು."

ಹೆಂಡತಿ ಕಡೆ ನೋಡಿದ್ನಿ. ಅಕಿ ಸೆರಗು ಬಾಯಿಗಿ ಹಿಡಕೊಂಡು ನಗಾಕತ್ತಿದ್ಲು. "ಚಲೋ ಹೊಡಿಯಾಕತ್ತಿದ್ರಿ" ಅಂದ್ಲು, "ಅದಕ್ಕ ಹೇಳಲಿಲ್ಲ."

ಫೋನ್ ಹಚ್ಚಿದ್ನಿ. "ಮುಟ್ಟಿದ್ವಿ ಅಕ್ಕಾರ. ಒಂದು ಹನಿ ಚೆಲ್ಲಿಲ್ಲ" ಅಂದ್ನಿ. ಅದು ಸುಳ್ಳಂತೂ ಅಲ್ಲ.

ಆ ಕಡಿಂದ ಬೀಗತಿ, "ಚೆಲ್ಲಂಗಿಲ್ಲ ಅಂತ ಗೊತ್ತಿತ್ತು. ಬರಿಗಾಲಾಗ ಗಾಡಿ ಹತ್ತಿದಾಗನ ಗೊತ್ತಾತು" ಅಂದ್ರು. ಆಮ್ಯಾಲ ಅಂದ್ರು, "ಬೀಗರ, ನಿಮ್ಮ ಚಪ್ಪಲಿ ಇಲ್ಲೇ ನಮ್ಮ ಬಾಗಿಲದಾಗ ಉಳದಾವ."

ನಾ ಕೆಳಗ ನೋಡಕೊಂಡ್ನಿ. ಕಣಗಲಾದಿಂದ ಕುಲಗೋಡತನಾ ಬರಿಗಾಲಾಗ ಬಂದೇನಿ, ಖಬರ ಇಲ್ಲ. "ನಾಳೆ ಬಸ್ಸಿಗಿ ಬಂದು ಒಯ್ಯತೇನ್ರಿ" ಅಂದ್ನಿ.

"ಏನ ಬ್ಯಾಡ" ಅಂದ್ರು ಬೀಗತಿ. "ಅಲ್ಲೇ ಇರಲಿ. ಕೂಸಿನ್ನ ಕರಕೊಂಡ ಬರತೀರಲ್ಲ ನಿಮ್ಮ ಗಾಡ್ಯಾಗ, ಅವತ್ತ ಮೆಟ್ಟಿಕೊಂಡ ಹೋಗೀರಂತ."